ಪುಸ್ತಕದಲ್ಲಿ ಇಲ್ಲದ ಕೋಣೆ

ಪುಸ್ತಕದಲ್ಲಿ ಆ ಕೋಣೆ ಇರಲಿಲ್ಲ.

ಅವಳು ಮೂರನೆಯ ಸಲ ಪುಟಗಳನ್ನು ಹಿಂದೆ ಮುಂದೆ ಮಾಡಿದಳು. ಕನ್ನಡಕ ತೆಗೆದು ಕರವಸ್ತ್ರದಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಕನ್ನಡಕದ್ದೇನೂ ತಪ್ಪಿರಲಿಲ್ಲ. ಇಟ್ಟಿಗೆಯಷ್ಟು ದಪ್ಪದ ಲ್ಯಾಟಿನ್ ಕೋಶದಲ್ಲಿ, ಮೇಷ್ಟ್ರು ಇದೆ ಎಂದು ಬರೆದ ಮಾತು ಇರಲಿಲ್ಲ, ಅಷ್ಟೆ. ಎಡಗೈಯಲ್ಲಿದ್ದ ಕಾರ್ಡು ಮಾತ್ರ ದುಂಡನೆಯ ಅಕ್ಷರಗಳಲ್ಲಿ ತನ್ನ ಪಾಡಿಗೆ ತಾನು ಕಥೆ ಹೇಳುತ್ತಿತ್ತು:

"ಪೆರೆಂಡಿನೇಟ್. ಕ್ರಿಯಾಪದ, ಅಪರೂಪ. ಮುಂದಕ್ಕೆ ಹಾಕು, ಕಾಯಿಸು. ಮೂಲ: ಲ್ಯಾಟಿನ್ ಪೆರೆಂಡಿನಾ, ಊರಬಾಗಿಲ ಪಕ್ಕದ ಕಲ್ಲಿನ ಕೋಣೆ; ಹೊತ್ತು ಮೀರಿ ಬಂದ ಪಯಣಿಗರು ಬಾಗಿಲು ತೆರೆಯುವ ತನಕ ಕುಳಿತು ಕಾಯುತ್ತಿದ್ದ ಜಾಗ."

ಎಷ್ಟು ಚೆನ್ನಾಗಿದೆ! ಬೆಳಿಗ್ಗೆ ಮೊದಲ ಸಲ ಓದಿದಾಗ ಅವಳಿಗೆ ಹಾಗೇ ಅನ್ನಿಸಿತ್ತು. ಇಂಥದ್ದನ್ನೆಲ್ಲ ಮೇಷ್ಟ್ರು ಎಲ್ಲಿಂದ ಹುಡುಕಿ ತೆಗೆಯುತ್ತಾರೋ ಎಂದುಕೊಂಡು, ಪುಟದ ಸಂಖ್ಯೆ ಗುರುತು ಮಾಡಲಷ್ಟೇ ಕೋಶ ತೆರೆದಿದ್ದಳು. ಕೋಶದಲ್ಲಿ ಇದ್ದದ್ದು ಪೆರೆಂಡಿಯೆ ಎಂಬ ಮಾತು. ಹಾಗೆಂದರೆ ನಾಳಿದ್ದು. ಪೆರೆಂಡಿನೇಟ್ ಎಂದರೆ ಮಾಡಬೇಕಾದ ಕೆಲಸವನ್ನು ನಾಳಿದ್ದಿಗೆ ಹಾಕುವುದು. ನಾಳಿದ್ದು ಬಂದಾಗ ಮತ್ತೆ ಅದರ ನಾಳಿದ್ದಿಗೆ. ಇಂಗ್ಲಿಷಿನವರಿಗೆ ನಾಳಿದ್ದು ಎನ್ನಲು ನಮ್ಮ ಹಾಗೆ ಒಂದೇ ಮಾತಿಲ್ಲ, ಆದರೆ ಕೆಲಸವನ್ನು ನಾಳಿದ್ದಿಗೆ ತಳ್ಳುವುದಕ್ಕೆ ಮಾತ್ರ ಒಂದು ಕ್ರಿಯಾಪದವನ್ನು ಸಾಲ ತಂದು ಇಟ್ಟುಕೊಂಡಿದ್ದಾರೆ. ಅದು ಅವರ ಹಣೆಬರಹ. ಅದರಲ್ಲಿ ಕೋಣೆಯೂ ಇಲ್ಲ, ಬಾಗಿಲೂ ಇಲ್ಲ, ಪಯಣಿಗರೂ ಇಲ್ಲ.

ಗೋಡೆಯಾಚೆಯಿಂದ ಮೇಷ್ಟ್ರ ಕೆಮ್ಮು ಕೇಳಿಸಿತು. ಅವಳು ಕಾರ್ಡನ್ನು ಮಗುಚಿ ಮೇಜಿನ ಮೇಲಿಟ್ಟಳು.

ಅದೊಂದು ನಿಘಂಟಿನ ಕಚೇರಿ. ಇಂಗ್ಲಿಷ್ ಪದಗಳಿಗೆ ನಮ್ಮ ಮಾತಿನಲ್ಲಿ ಅರ್ಥವನ್ನೂ ಹುಟ್ಟನ್ನೂ ಹೇಳುವ ದೊಡ್ಡ ನಿಘಂಟು ಅಲ್ಲಿ ಮೂವತ್ತು ವರ್ಷದಿಂದ ತಯಾರಾಗುತ್ತಿತ್ತು. ಮೂರು ಸಂಪುಟ ಹೊರಬಂದಿದ್ದವು, ನಾಲ್ಕನೆಯದರಲ್ಲಿ ಪಿ ಅಕ್ಷರ ನಡೆಯುತ್ತಿತ್ತು. ಅಲ್ಲೊಂದು ಪದ್ಧತಿ. ಪದದ ಮೂಲ ಬರೆಯುವವರು ಒಬ್ಬರು, ಅದನ್ನು ಪುಸ್ತಕಗಳೊಂದಿಗೆ ತಾಳೆ ನೋಡುವವರು ಇನ್ನೊಬ್ಬರು. ಬರೆದವರು ಕಾರ್ಡಿನ ಮೂಲೆಯಲ್ಲಿ ಒಂದು ಹಸಿರು ಗೀಟು ಎಳೆಯುತ್ತಾರೆ, ತಾಳೆ ನೋಡಿದವರು ಪಕ್ಕದಲ್ಲಿ ಇನ್ನೊಂದು. ಎರಡು ಗೀಟು ಬಿದ್ದ ಕಾರ್ಡು ಅಚ್ಚಿಗೆ. ಎರಡನೆಯ ಗೀಟು ಎಳೆಯುವವರನ್ನು ಎಲ್ಲರೂ ಎರಡನೇ ಕಣ್ಣು ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಎರಡನೇ ಕಣ್ಣು ಅವಳೇ.

ಇನ್ನೊಂದು ಪದ್ಧತಿ ವಿಚಿತ್ರದ್ದು. ಕಾರ್ಡುಗಳೆಲ್ಲ ಒಂದೇ ಕೈಯಲ್ಲಿ ಬರೆದಂತೆ ಕಾಣಬೇಕು. ಅಚ್ಚು ಜೋಡಿಸುವವರು ತಡವರಿಸಬಾರದೆಂದು ಮೊದಲ ದಿನಗಳಲ್ಲಿ ಮಾಡಿದ ನಿಯಮ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂದರೂ ನಿಯಮ ಹೋಗಲಿಲ್ಲ. ಹೊಸದಾಗಿ ಸೇರಿದವರು ಆರು ತಿಂಗಳು ಕೂತು ಮೇಷ್ಟ್ರ ಅಕ್ಷರವನ್ನು ತಿದ್ದಬೇಕು. ಅವಳ ಕೈ ಮೇಷ್ಟ್ರ ಕೈಗೆ ಎಷ್ಟು ಕೂಡಿಕೊಂಡಿತ್ತೆಂದರೆ, ಮನೆಯ ಸಾಮಾನಿನ ಪಟ್ಟಿ ಬರೆದರೂ ಅದು ನಿಘಂಟಿನ ಹಾಗೆ ಕಾಣುತ್ತಿತ್ತು. "ಸೋಪಿನ ಮೂಲ ಗ್ರೀಕಾ ಲ್ಯಾಟಿನ್ನಾ, ಹೇಳಿಬಿಡು, ಅಂಗಡಿಯವನು ಕೇಳಿದ್ರೆ?" ಎಂದು ಗಂಡ ರೇಗಿಸುತ್ತಿದ್ದ.

ಮೇಷ್ಟ್ರು ಅಂದರೆ ಅವಳಿಗೆ ನಿಜವಾಗಿಯೂ ಮೇಷ್ಟ್ರೇ. ನಿಘಂಟಿನ ಕೆಲಸದ ಜೊತೆಗೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. ಯಾವ ಪದ ಬಂದರೂ ಅದರ ಬೇರು ಕಿತ್ತು ತೋರಿಸದೆ ಬಿಡುತ್ತಿರಲಿಲ್ಲವಾದ್ದರಿಂದ ಹುಡುಗರು ಬೇರು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಒಂದು ದಿನ ರಿಕ್ಯಾಲ್ಸಿಟ್ರೇಟ್ ಎಂಬ ಪದ ಬಂತು. ಹಠ ಹಿಡಿ, ಮಾತು ಕೇಳಬೇಡ ಎಂದು ಅರ್ಥ. "ಕ್ಯಾಲ್ಕ್ಸ್ ಅಂದ್ರೆ ಹಿಮ್ಮಡಿ ಕಣ್ರಪ್ಪಾ. ಹಿಂದಕ್ಕೆ ಒದೆಯೋದು. ಹೀಗೆ!" ಎಂದವರೇ ಕತ್ತೆಯ ಹಾಗೆ ಹಿಂಗಾಲು ಝಾಡಿಸಿದರು. ಚಪ್ಪಲಿ ಹಾರಿ ಬೋರ್ಡಿಗೆ ಬಡಿಯಿತು. ಅವತ್ತು ನಕ್ಕು ನಕ್ಕು ಸುಸ್ತಾದ ಹುಡುಗಿ ಆಮೇಲೆ ಬೇರೆ ಯಾವ ಕೆಲಸವನ್ನೂ ಬಯಸಲಿಲ್ಲ. ಈ ಕಚೇರಿಗೆ ಅವಳನ್ನು ಕರೆತಂದವರೂ ಅವರೇ.

ಹಾಗಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಾದರೆ, ಎರಡನೇ ಕಣ್ಣು ಎಷ್ಟೋ ವರ್ಷದಿಂದ ಮುಚ್ಚಿಕೊಂಡೇ ಇತ್ತು. ಬೇರೆಯವರ ಕಾರ್ಡನ್ನು ಅವಳು ಮೂರು ಮೂರು ಪುಸ್ತಕ ತೆರೆದು ನೋಡುತ್ತಿದ್ದಳು. ಮೇಷ್ಟ್ರದ್ದು ಬಂದರೆ ಒಂದು ಸಲ ಖುಷಿಯಿಂದ ಓದಿ ಗೀಟು ಎಳೆಯುತ್ತಿದ್ದಳು. ಅವರದನ್ನು ತಾಳೆ ನೋಡುವುದೆಂದರೆ ಅಪ್ಪ ಕೊಟ್ಟ ಚಿಲ್ಲರೆಯನ್ನು ಎದುರಿಗೇ ಎಣಿಸಿದ ಹಾಗೆ.

ಆ ವಾರವೆಲ್ಲ ಅವಳು ಪಿ ಅಕ್ಷರದ ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮೇಷ್ಟ್ರ ಕಾರ್ಡುಗಳನ್ನೆಲ್ಲ ತಾಳೆ ನೋಡಿದಳು. ಪರ್ನಾಕ್ಟೇಟ್, ರಾತ್ರಿಯೆಲ್ಲ ಒಂದು ಕಡೆ ತಂಗು. ನಾಕ್ಸ್, ಅಂದರೆ ರಾತ್ರಿ. ಸರಿ. ಅದರ ಹಿಂದಿನದೂ ಸರಿ, ಮುಂದಿನ ಹನ್ನೆರಡೂ ಸರಿ. ಅವಳ ಉಸಿರು ಹಗುರವಾಗುವ ಹೊತ್ತಿಗೆ ಇನ್ನೊಂದು ಡ್ರಾಯರಿನಲ್ಲಿ ಪ್ಯಾಲಿಯೇಟ್ ಸಿಕ್ಕಿತು. ರೋಗ ವಾಸಿಮಾಡದೆ ನೋವನ್ನಷ್ಟೇ ತಣಿಸುವುದು. ಪಾಲಿಯುಮ್ ಎಂದರೆ ಹೊದಿಕೆ, ನೋವಿನ ಮೇಲೆ ಮುಸುಕು ಎಳೆದ ಹಾಗೆ ಎಂದು ಕೋಶ ಹೇಳುತ್ತಿತ್ತು. ಮೇಷ್ಟ್ರು ಬರೆದಿದ್ದರು: ಪಾಲಾ ಎಂಬ ಸೊಪ್ಪು, ಸಿಪಾಯಿಗಳು ಗಾಯಕ್ಕೆ ಅರೆದು ಹಚ್ಚುತ್ತಿದ್ದದ್ದು. ಅಂಥ ಸೊಪ್ಪು ಯಾವ ಪುಸ್ತಕದಲ್ಲೂ ಬೆಳೆದಿರಲಿಲ್ಲ. ಒಟ್ಟು ನಾನೂರ ಹನ್ನೆರಡು ಕಾರ್ಡು. ಅದರಲ್ಲಿ ಅರವತ್ತೊಂದು ಹೀಗೆ. ಎಲ್ಲವೂ ಕಳೆದ ಎಂಟು ತಿಂಗಳಿನವು. ಪೆರೆಂಡಿನೇಟ್ ಒಂದನ್ನು ಬಿಟ್ಟು ಎಲ್ಲದರಲ್ಲೂ ಅವಳದೇ ಎರಡನೆಯ ಗೀಟು.

ಸೋಮಾರಿತನದಿಂದ ಆದ ತಪ್ಪಾಗಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಇದು ಹಾಗಲ್ಲ. ಮನುಷ್ಯನ ತಲೆಯೊಳಗೆ ಏನೋ ಕಳಚಿಬಿದ್ದಿದೆ, ಬಿದ್ದ ಜಾಗ ಖಾಲಿ ಕಾಣಬಾರದೆಂದು ಅದೇ ತಲೆ ಅಲ್ಲೊಂದು ಚೆಂದದ ಕಲ್ಲು ತಂದಿಟ್ಟಿದೆ. ಇಟ್ಟದ್ದು ಅವರಿಗೇ ಗೊತ್ತಿಲ್ಲ.

ಹೇಳಬೇಕು. ಯಾರಿಗೆ? ಸಂಪಾದಕರಿಗೆ ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಒಬ್ಬ ಬರಹಗಾರನದು ಐದು ಕಾರ್ಡು ತಪ್ಪಿದರೆ ಅವನು ಮುಟ್ಟಿದ ಅಷ್ಟೂ ಕಾರ್ಡು ವಾಪಸ್, ಸಂಪುಟದ ಮೊದಲ ಪುಟದಿಂದ ಹೆಸರು ಹೊರಕ್ಕೆ. ಆ ನಿಯಮ ಬರೆದವರು ಮೇಷ್ಟ್ರೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೂವತ್ತು ವರ್ಷದ ಮಡಕೆಗೆ ದೊಣ್ಣೆ ಎತ್ತುವುದು ತನ್ನ ಕೈಯೇ ಆಗಬೇಕೇ? ಮೊದಲು ಮನೆಯವರಿಗೆ ಹೇಳೋಣ ಎಂದು ಭಾನುವಾರ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಪೇಪರು ತರಲು ಹೋಗಿದ್ದರು. ಅವರ ಹೆಂಡತಿ ಅಡುಗೆಮನೆಯ ನಲ್ಲಿಗೆ ಬಟ್ಟೆ ಸುತ್ತುತ್ತಿದ್ದರು.

"ಬಾಮ್ಮಾ, ಕೂತ್ಕೋ. ನೋಡು ಈ ನಲ್ಲಿ ಸೋರುತ್ತೆ, ಆ ಫ್ಯಾನ್ ಕಿರ್ರ್ ಅನ್ನುತ್ತೆ, ನನ್ನ ಮಂಡಿ ಹೋಗಿ ಎರಡು ವರ್ಷ ಆಯ್ತು. ಈ ಮನೇಲಿ ಸರಿಯಾಗಿರೋದು ಅಂದ್ರೆ ಇವರ ತಲೆ ಒಂದೇ" ಎಂದು ನಕ್ಕರು. "ಅದನ್ನ ನಂಬ್ಕೊಂಡು ಕಾಲ ಹಾಕ್ತಿದೀನಿ ಕಣೇ. ಫೋನಲ್ಲಿ ಏನೋ ಹೇಳ್ಬೇಕು ಅಂದೆಯಲ್ಲ?"

"ಏನಿಲ್ಲ ಅಮ್ಮ. ಈ ಕಡೆ ಬಂದಿದ್ದೆ."

"ಏನಿಲ್ಲ ಅನ್ನೋರ ಹತ್ರಾನೇ ಎಲ್ಲಾ ಇರೋದು" ಎಂದು ಆಕೆ ಅವಳ ಮುಖ ನೋಡಿದರು. ಅವಳು ನಲ್ಲಿಗೆ ಸುತ್ತಿದ ಬಟ್ಟೆಯನ್ನು ಬಿಗಿಮಾಡಿ ಕಟ್ಟಿಕೊಟ್ಟು ಬಂದಳು.

ನಾಳೆ ಹೇಳೋಣ ಎಂದುಕೊಂಡಳು. ನಾಳೆ ಮೇಷ್ಟ್ರು ಖುಷಿಯಾಗಿದ್ದರು. ಖುಷಿಯಾಗಿದ್ದವರಿಗೆ ಹೇಗೆ ಹೇಳುವುದು? ನಾಳಿದ್ದು ಅವರಿಗೆ ನೆಗಡಿ. ಹುಷಾರಿಲ್ಲದವರಿಗೆ ಹೇಗೆ ಹೇಳುವುದು? ಹೇಳಬೇಕಾದದ್ದನ್ನು ಹೇಳದೆ ಇರುವುದಕ್ಕೆ ಮನುಷ್ಯನಿಗೆ ಸಿಗುವಷ್ಟು ಸಬೂಬು ಮತ್ತಾವುದಕ್ಕೂ ಸಿಗುವುದಿಲ್ಲ. ನಾಳೆ ಎಂದವನ ಮನೆ ಹಾಳು ಎಂದು ಗಾದೆ ಹೇಳುತ್ತದೆ. ನಾಳಿದ್ದು ಎಂದವರ ಮನೆಯ ಗತಿ ಏನೆಂದು ಅದೂ ಹೇಳುವುದಿಲ್ಲ. ಅಷ್ಟರಲ್ಲಿ ಸಂಪಾದಕರು ಬಾಗಿಲಲ್ಲಿ ತಲೆ ಹಾಕಿ, "ಏನು ಮೇಡಂ, ಪಿ ಎಲ್ಲಿಗೆ ಬಂತು? ಪ್ರೆಸ್ಸಿನವರು ಪ್ರಾಣ ತಿಂತಿದಾರೆ. ಮೇಷ್ಟ್ರ ಕಾರ್ಡಲ್ಲಿ ನೋಡೋದೇನಿದೆ, ಕಳಿಸಿಬಿಡಿ" ಎಂದರು.

"ಎರಡು ದಿನ ಸಾರ್."

ಆ ಎರಡು ದಿನದಲ್ಲಿ ಅವಳು ಮಾಡಿದ್ದು ಇಷ್ಟು. ಬಾಗಿಲು ಹಾಕಿಕೊಂಡು, ಅರವತ್ತೊಂದು ಖಾಲಿ ಕಾರ್ಡು ತೆಗೆದು, ಒಂದೊಂದರ ಮೇಲೂ ಸರಿಯಾದ ಮೂಲವನ್ನು ಬರೆದಳು. ಮೇಷ್ಟ್ರ ಅಕ್ಷರದಲ್ಲಿ. ಅದು ಅವಳದೂ ಅಕ್ಷರವೇ ಆಗಿತ್ತಲ್ಲ, ಕೈ ತಡೆಯಲಿಲ್ಲ. ಮೊದಲ ಗೀಟನ್ನೂ ತಾನೇ ಎಳೆದಳು, ಎರಡನೆಯದನ್ನೂ ತಾನೇ ಎಳೆದಳು. ಹಳೆಯ ಕಾರ್ಡುಗಳನ್ನು ಹರಿಯಲು ಮನಸ್ಸು ಬರದೆ ರಬ್ಬರ್ ಬ್ಯಾಂಡ್ ಹಾಕಿ ತನ್ನ ಮೇಜಿನ ಕೆಳಗಿನ ಖಾನೆಯಲ್ಲಿಟ್ಟಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನಬೇಕೋ, ಹೊಲ ಉಳಿಸಲು ಬೇಲಿ ಕಳ್ಳತನಕ್ಕೆ ಇಳಿಯಿತು ಅನ್ನಬೇಕೋ. ಆಮೇಲೆ ಅದು ದಿನದ ಕೆಲಸವಾಯಿತು. ಸಂಜೆ ಮೇಷ್ಟ್ರ ಟ್ರೇಯಿಂದ ಕಾರ್ಡುಗಳು ಬರುತ್ತಿದ್ದವು, ಕೆಟ್ಟದ್ದನ್ನು ಆರಿಸಿ ಬದಲಾಯಿಸುತ್ತಿದ್ದಳು. ಬೆಳಿಗ್ಗೆ ಮೇಷ್ಟ್ರು, "ನಿನ್ನೇದು ಹೇಗಿತ್ತಮ್ಮ?" ಎಂದು ಕೇಳುವುದು ಹಳೆಯ ರೂಢಿ. ಅವರ ಮುಖ ನೋಡಿಯೇ, "ಎಲ್ಲಾ ಸರಿ ಇದೆ ಮೇಷ್ಟ್ರೇ" ಎನ್ನುತ್ತಿದ್ದಳು.

ಎರಡು ತಿಂಗಳು ಕಳೆದ ಮೇಲೆ ಅಚ್ಚಿನ ಕರಡು ಪುಟಗಳು ಬಂದವು. ಅವು ಮೇಷ್ಟ್ರ ಮೇಜಿಗೆ ಹೋಗುತ್ತವೆಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ನೆನಪಿಲ್ಲದ ಮನುಷ್ಯನಿಗೆ ಬರೆದದ್ದು ಎಲ್ಲಿ ನೆನಪಿರುತ್ತದೆ ಎಂದುಕೊಂಡಿದ್ದಳು. ಅಲ್ಲಿ ಎಡವಿದಳು. ತಾವು ಕಟ್ಟಿದ ಕಥೆಗಳೇ ಅವರಿಗೆ ಚೆನ್ನಾಗಿ ನೆನಪಿದ್ದವು.

ಮಧ್ಯಾಹ್ನ ಮೇಷ್ಟ್ರು ಅವಳ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಒಂದು ಕೈಯಲ್ಲಿ ಕರಡು, ಇನ್ನೊಂದರಲ್ಲಿ ಡ್ರಾಯರಿನಿಂದ ತೆಗೆದ ಕಾರ್ಡು.

"ಇದು ನಾನು ಬರೆದದ್ದಾ?"

ಅವಳು ನೋಡಿದಳು. ಪೆರೆಂಡಿನೇಟ್. ಪೆರೆಂಡಿಯೆ, ನಾಳಿದ್ದು.

"ನಾನು ಒಂದು ಕೋಣೆ ವಿಷಯ ಬರೆದಿದ್ದೆ ಕಣಮ್ಮ. ಊರಬಾಗಿಲ ಹತ್ರ. ಚೆನ್ನಾಗಿ ನೆನಪಿದೆ ನನಗೆ, ಮನೇಲೂ ಹೇಳಿದ್ದೆ. ಆದ್ರೆ ಇದು ನನ್ನದೇ ಅಕ್ಷರ. ಇದನ್ನ ಬರೆದ ನೆನಪೇ ಇಲ್ಲ. ನಿಜ ಹೇಳು, ಇದು ನಾನೇ ಬರೆದದ್ದಾ?"

ನಿಜ ಹೇಳಲು ಇದೋ ಬಾಗಿಲು ತೆರೆದಿತ್ತು. ಒಂದೇ ಒಂದು ಮಾತು ಸಾಕಿತ್ತು. ಅವಳು ಆ ಮಾತನ್ನು ನಾಲಗೆಯ ತುದಿಯ ತನಕ ತಂದಳು.

"ಹೌದು ಮೇಷ್ಟ್ರೇ. ನೀವೇ ಬರೆದದ್ದು."

"ನಾನೇನಾ?"

"ನೀವೇ."

ಮೇಷ್ಟ್ರು ಕಾರ್ಡನ್ನು ಇನ್ನೊಮ್ಮೆ ನೋಡಿ, "ಹಾಗಾದ್ರೆ ನನಗೇನೋ ಆಗ್ತಿದೆ" ಎಂದು ಮೆಲ್ಲಗೆ ಹೇಳಿ ಹೊರಟುಹೋದರು. ಅಯ್ಯೋ ಎಂದು ಅವಳು ತಲೆಯ ಮೇಲೆ ಕೈ ಹೊತ್ತು ಕುಳಿತಳು. ಉಳಿಸಲು ಹೋಗಿ ಮುಳುಗಿಸಿದ್ದಳು. ಸರಿಯಾದ ಮಾತನ್ನೇ ನೋಡಿ ಮೇಷ್ಟ್ರು ತಮಗೆ ಹುಚ್ಚು ಹಿಡಿಯಿತೆಂದು ಹೆದರಿದ್ದರು.

ಆಮೇಲಿನ ದಿನಗಳಲ್ಲಿ ಅವರು ಬೆಳಿಗ್ಗೆ ಹೇಗಿತ್ತಮ್ಮ ಎಂದು ಕೇಳುವುದನ್ನು ಬಿಟ್ಟರು. ಕುರ್ಚಿಯಲ್ಲಿ ಕೂತು ತುಟಿ ಅಲ್ಲಾಡಿಸುತ್ತಿದ್ದರು. ಕಾರಿಡಾರಿನಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರು, ಕಚೇರಿಗೆ ಹೊಸದಾಗಿ ಬಂದವರ ಹಾಗೆ. ಅವರ ಹೆಂಡತಿ ಫೋನ್ ಮಾಡಿ, "ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರೇನೇ? ಊಟ ಸೇರ್ತಿಲ್ಲ ಇವರಿಗೆ" ಎಂದು ಕೇಳಿದರು. ಇಲ್ಲ ಅಮ್ಮ, ಕೆಲಸ ಜಾಸ್ತಿ ಎಂದಳು ಅವಳು. ಸುಳ್ಳಿಗೆ ಸುಳ್ಳು ಆಸರೆ. ಕಾರ್ಡು ಬದಲಾಯಿಸುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ತಪ್ಪು ಅಚ್ಚಾಗುತ್ತದೆ, ಅಚ್ಚಾದರೆ ಅವರ ಹೆಸರು ಹೋಗುತ್ತದೆ. ಬಲೆ ಹೆಣೆದವಳು ಅದರೊಳಗೇ ಕೂತು ಇನ್ನಷ್ಟು ಹೆಣೆಯುತ್ತಿದ್ದಳು.

ಹದಿಮೂರನೆಯ ದಿನ ಬೆಳಿಗ್ಗೆ ಮೇಷ್ಟ್ರು ಬಾಗಿಲು ತಟ್ಟದೆಯೇ ಒಳಗೆ ಬಂದರು. ನಗುತ್ತಿದ್ದರು! ಎಷ್ಟೋ ದಿನದ ಮೇಲೆ ಕಂಡ ನಗು. ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಅವಳ ಮೇಜಿನ ಮೇಲೆ ಬಿಸಾಕಿದರು.

"ಸಿಕ್ಕಿಬಿದ್ದೆ, ಕಳ್ಳಿ!"

ಅವಳು ಮೇಜಿನ ಕೆಳಗಿನ ಖಾನೆಯನ್ನು ಕಾಲಿನಿಂದ ಒಳಕ್ಕೆ ತಳ್ಳಿದಳು.

"ಹನ್ನೆರಡು ದಿನದಿಂದ ಪ್ರತಿಯೊಂದು ಕಾರ್ಡನ್ನೂ ಟ್ರೇಗೆ ಹಾಕೋ ಮುಂಚೆ ಇದರಲ್ಲಿ ನಕಲು ಮಾಡ್ಕೊಂಡಿದೀನಿ. ಈಗ ಡ್ರಾಯರ್ ತೆಗೆದು ನೋಡಿದೆ. ಮೂವತ್ತರಲ್ಲಿ ಒಂಬತ್ತು ಬೇರೆ. ನನ್ನ ಅಕ್ಷರ, ಆದ್ರೆ ನನ್ನ ಮಾತಲ್ಲ. ಈ ಭೂಮಿ ಮೇಲೆ ನನ್ನ ಅಕ್ಷರ ಬರೆಯೋಳು ನೀನೊಬ್ಬಳೇ ತಾನೇ?" ಅವರು ಕುರ್ಚಿ ಎಳೆದು ಕೂತು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಬ್ಬಾ! ನನಗೆ ಹುಚ್ಚು ಹಿಡಿದಿಲ್ಲ. ಡಾಕ್ಟರ ಹತ್ರ ಹೋಗಿಬಂದೆ ಗೊತ್ತಾ? ಇವತ್ತು ಯಾವ ವಾರ, ನೂರರಿಂದ ಏಳೇಳು ಕಳೀರಿ ಅಂದ. ಎಲ್ಲಾ ಹೇಳಿದೆ. ನಿಮಗೇನಾಗಿದೆ ಸಾರ್, ನನಗಿಂತ ಚೆನ್ನಾಗಿದೀರಿ ಅಂದ. ಆದ್ರೂ ನಿದ್ದೆ ಇಲ್ಲ. ಎಷ್ಟು ಹೆದರಿಸಿಬಿಟ್ಟೆ ಕಣೇ ನನ್ನ! ಯಾಕೆ ಹೀಗೆ ಮಾಡಿದೆ? ಕೇಳಿದ್ರೆ ನಾನೇ ಹೇಳ್ಕೊಡ್ತಿರಲಿಲ್ವಾ?"

ಅವರಿಗೆ ಸಿಟ್ಟಿರಲಿಲ್ಲ. ಶಿಷ್ಯೆ ಏನೋ ಅರೆಬರೆ ಓದಿ, ಗುರುವನ್ನೇ ತಿದ್ದುವ ಹುಮ್ಮಸ್ಸಿನಲ್ಲಿ ತಪ್ಪು ತಪ್ಪಾಗಿ ತಿದ್ದಿದ್ದಾಳೆ ಎಂದುಕೊಂಡಿದ್ದರು. ಅವಳಿಗೆ ಅದು ಅರ್ಥವಾಯಿತು. ಇನ್ನೊಂದು ಸುಳ್ಳು ಸಾಕು, ಇವತ್ತಿನ ಮಟ್ಟಿಗೆ ಇವರು ಉಳಿಯುತ್ತಾರೆ.

"ತಪ್ಪಾಯ್ತು ಮೇಷ್ಟ್ರೇ" ಎಂದಳು.

"ಬಿಡು. ತಪ್ಪು ಮಾಡದೆ ಯಾರೂ ಕಲಿಯಲ್ಲ. ಬಾ, ಇಲ್ಲಿ ಕೂತ್ಕೋ, ಒಂದೊಂದಾಗಿ ತೋರಿಸ್ತೀನಿ" ಎನ್ನುತ್ತ ಅವರು ಕಪಾಟಿನಿಂದ ಲ್ಯಾಟಿನ್ ಕೋಶವನ್ನು ಎರಡೂ ಕೈಯಲ್ಲಿ ಎತ್ತಿ ತಂದರು.

"ಬೇಡ ಮೇಷ್ಟ್ರೇ. ಆಮೇಲೆ ನೋಡೋಣ."

"ಆಮೇಲೆ ಯಾಕೆ? ಆ ಕೋಣೆಯಿಂದಲೇ ಶುರು ಮಾಡೋಣ."

ಅವರು ಬೆರಳಿಗೆ ಉಗುಳು ಹಚ್ಚಿ ಪುಟ ಮಗುಚಿದರು. ತರಗತಿಯಲ್ಲಿ ಮಾಡುತ್ತಿದ್ದಂತೆ ಹುಬ್ಬು ಏರಿಸಿ, ಬೆರಳನ್ನು ಸಾಲಿನ ಮೇಲಿಂದ ಇಳಿಸುತ್ತ ಬಂದರು. ಬೆರಳು ಒಂದು ಕಡೆ ನಿಂತಿತು. ಮತ್ತೆ ಮೇಲಕ್ಕೆ ಹೋಗಿ ಮತ್ತೆ ಇಳಿಯಿತು. ಹಿಂದಿನ ಪುಟ ನೋಡಿದರು, ಮುಂದಿನ ಪುಟ ನೋಡಿದರು. ನೋಟ್‌ಬುಕ್ ತೆಗೆದು ನಿನ್ನೆಯ ಒಂದು ಪದ ಹುಡುಕಿದರು. ಮೊನ್ನೆಯ ಒಂದನ್ನು. ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತಿದ್ದಳು. ಏಳನೆಯ ಪದದ ಹೊತ್ತಿಗೆ ಅವರು ಕೋಶವನ್ನು ಮುಚ್ಚಿದರು.

"ಎಷ್ಟು?"

"ಮೇಷ್ಟ್ರೇ..."

"ಎಷ್ಟು ಅಂತ ಕೇಳಿದೆ."

"ಮೊದಲು ಅರವತ್ತೊಂದು. ಆಮೇಲಿನದು ಎಣಿಸಿಲ್ಲ."

"ಯಾವಾಗಿಂದ ಗೊತ್ತು ನಿನಗೆ?"

"ಮೂರು ತಿಂಗಳಾಯ್ತು."

"ಮೂರು ತಿಂಗಳು" ಎಂದರು ಮೇಷ್ಟ್ರು. "ದಿನಾ ಬೆಳಿಗ್ಗೆ ನನ್ನ ಮುಖ ನೋಡಿ ಸರಿ ಇದೆ ಅಂದೆಯಲ್ಲೇ."

ಅವಳು ಅತ್ತಳು. ಏನೇನೋ ಹೇಳಿದಳು. ಸಂಪಾದಕರು, ನಿಯಮ, ಮೊದಲ ಪುಟದ ಹೆಸರು, ನಲ್ಲಿಗೆ ಬಟ್ಟೆ ಸುತ್ತುತ್ತಿದ್ದ ಅಮ್ಮ. ಮೇಷ್ಟ್ರು ಕೇಳಿಸಿಕೊಂಡಂತೆ ಕಾಣಲಿಲ್ಲ. ಹಳೆಯ ಕಾರ್ಡು ಎಲ್ಲಿ ಎಂದು ಕೇಳಿ ಈಸಿಕೊಂಡು, ಹಳೆಯದೊಂದನ್ನೂ ಹೊಸದೊಂದನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಇದು ತಪ್ಪು, ಇದು ಸರಿ. ಪುಸ್ತಕ ಹಾಗೆ ಹೇಳ್ತಿದೆ, ಒಪ್ಪಿದೆ. ಆದ್ರೆ ಕೇಳು. ಎರಡನ್ನೂ ಓದಿದ್ರೆ ನನಗೆ ಒಂದೇ ಥರ ಅನ್ನಿಸ್ತಿದೆ. ಆ ಕೋಣೆ ನನಗೆ ಕಾಣ್ತಿದೆ ಕಣಮ್ಮ. ಒಳಗೆ ಕಲ್ಲಿನ ಬೆಂಚು, ಬೆಂಚಿನ ಮೇಲೆ ಗಂಟುಮೂಟೆ ಇಟ್ಕೊಂಡು ಕೂತ ಜನ. ಎಲ್ಲೋ ಓದಿದೀನಿ ಅಂತ ಆಣೆ ಮಾಡಿ ಹೇಳಬಲ್ಲೆ. ನನ್ನ ಹೆಂಡತಿ ಮುಖ ಎಷ್ಟು ಗ್ಯಾರಂಟಿಯೋ ಅಷ್ಟೇ ಗ್ಯಾರಂಟಿ. ಹಾಗಾದ್ರೆ ಮಿಕ್ಕಿದ್ದನ್ನ ನಾನು ಯಾವ ಧೈರ್ಯದ ಮೇಲೆ ನಂಬಲಿ?"



ಅವರು ಒಂದು ಬಿಳಿ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. "ನೀನು ಹೇಳು, ನಾನು ಬರೀತೀನಿ. ಸಂಪಾದಕರಿಗೆ."

"ಏನು ಹೇಳಲಿ ಮೇಷ್ಟ್ರೇ?"

"ಕೆಲಸ ಬಿಡ್ತೀನಿ ಅಂತ. ನಾನೇ ಬರೆದ್ರೆ ಏನು ಬರೀತೀನೋ ಯಾರಿಗೆ ಗೊತ್ತು?"

ಇಪ್ಪತ್ತು ವರ್ಷ ಅವರು ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಈಗ ಅವಳು ಹೇಳಿದಳು: ಆರೋಗ್ಯದ ಕಾರಣದಿಂದ ನನ್ನನ್ನು ಇಂದಿನಿಂದ ಕೆಲಸದಿಂದ ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಅವರು ಮಾತು ಬಿಡದೆ ಬರೆದರು.

"ಇನ್ನೊಂದು ಸಾಲು. ನಾನು ಬರೆದ ಪಿ ಅಕ್ಷರದ ಕಾರ್ಡುಗಳನ್ನೆಲ್ಲ ತೆಗೆದು ಹಾಕಬೇಕು. ಅದನ್ನ ಸರಿಯಾದ ಮಾತಲ್ಲಿ ಹೇಳು."

"ಎಲ್ಲಾ ಯಾಕೆ ಮೇಷ್ಟ್ರೇ? ಮುನ್ನೂರ ಐವತ್ತೊಂದು ಸರಿ ಇವೆ!"

"ಯಾರು ಹೇಳಿದ್ದು?"

"ನಾನೇ ನೋಡಿದೀನಿ. ಒಂದೊಂದನ್ನೂ ತಾಳೆ ನೋಡಿದೀನಿ. ಆಣೆ ಮಾಡ್ತೀನಿ."

 ಮೇಷ್ಟ್ರು ಆ ಸಾಲನ್ನು ತಾವೇ ಬರೆದರು.

ಬರೆದು ಮುಗಿಸಿ ಒಂದು ಸಲ ಓದಿಕೊಂಡರು. ಇನ್ನೊಂದು ಸಲ ಓದಿಕೊಂಡರು. ಆಮೇಲೆ ಹಾಳೆಯನ್ನು ಅವಳ ಕಡೆಗೆ ತಿರುಗಿಸಿದರು. "ನೋಡು. ಸರಿ ಇದೆಯಾ?"

ಅವಳು ಕಣ್ಣೊರೆಸಿಕೊಂಡು ಓದಿದಳು. ಅಕ್ಷರ ಅಕ್ಷರವಾಗಿ ಓದಿದಳು. ತಾರೀಖು ಸರಿಯಿತ್ತು. ಸಂಪಾದಕರ ಹೆಸರು ಸರಿಯಿತ್ತು. ಎರಡು ವಾಕ್ಯದಲ್ಲಿ ಎಲ್ಲೂ ಒಂದು ಕೊಂಬು ಕೂಡ ಹೆಚ್ಚುಕಡಿಮೆ ಇರಲಿಲ್ಲ. ಕೊನೆಯ ಸಾಲು, ಅವರೊಬ್ಬರೇ ಬರೆದದ್ದು, ಮೊದಲಿನದಕ್ಕಿಂತ ಚೆನ್ನಾಗಿತ್ತು.

"ಸರಿ ಇದೆ ಮೇಷ್ಟ್ರೇ" ಎಂದಳು. ಮೂರು ತಿಂಗಳಿಂದ ಹೇಳುತ್ತಿದ್ದ ಆ ಮಾತು ನಿಜವಾದದ್ದು ಅವತ್ತೇ ಮೊದಲು.

ಮೇಷ್ಟ್ರು ಅವಳ ಮುಖವನ್ನು ನೋಡಿದರು. ಕಣ್ಣು, ತುಟಿ, ಮತ್ತೆ ಕಣ್ಣು. ಓದಲು ಬಾರದ ಲಿಪಿಯನ್ನು ನೋಡುವ ಹಾಗೆ ನೋಡಿದರು. ಆಮೇಲೆ ಹಾಳೆಯನ್ನು ಅವಳ ಕೈಯಿಂದ ನಿಧಾನವಾಗಿ ತೆಗೆದುಕೊಂಡು ಎದ್ದು ಹೊರಗೆ ನಡೆದರು.

ಕಾರಿಡಾರಿನಲ್ಲಿ ಜೆರಾಕ್ಸ್ ಯಂತ್ರ ಕೆಟ್ಟಿತ್ತು. ರಿಪೇರಿಗೆ ಬಂದಿದ್ದ ಯಾರೋ ಒಬ್ಬ ಮನುಷ್ಯ ಅದರ ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. ಮೇಷ್ಟ್ರು ಅವನ ಹತ್ತಿರ ಹೋಗಿ ಬಾಗಿದರು.

"ಸ್ವಲ್ಪ ಇದನ್ನ ಓದಿ ನೋಡ್ತೀರಾ? ಏನಾದ್ರೂ ತಪ್ಪಿದ್ರೆ ಹೇಳಿ."

"ನಾನಾ ಸಾರ್? ನನಗೇನು ಗೊತ್ತಾಗುತ್ತೆ?"

"ಪರವಾಗಿಲ್ಲ. ಓದಿ."

ಅವನು ಎದ್ದು, ಕಪ್ಪು ಪುಡಿ ಹತ್ತಿದ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹಾಳೆ ಮಾಸಬಾರದೆಂದು ಎರಡು ಬೆರಳ ತುದಿಯಲ್ಲಿ ಹಿಡಿದು, ತುಟಿ ಅಲ್ಲಾಡಿಸುತ್ತ ಮೊದಲ ಸಾಲಿನಿಂದ ಓದತೊಡಗಿದ. ಮೇಷ್ಟ್ರು ಕೈಕಟ್ಟಿಕೊಂಡು ಅವನು ಏನು ಹೇಳುತ್ತಾನೋ ಎಂದು ಕಾಯುತ್ತ ನಿಂತರು.